ಸ್ಟೂಲಿನ ದಿಂಬು

"ಅಕ್ಕ, ಆ ಚೀಟಿ ಕೊಟ್ಟುಬಿಡು. ಬಿಟ್‌ಕಾಯಿನ್ ಅರ್ಧಕ್ಕೆ ಇಳಿದಿದೆ, ಇವತ್ತೇ ಮಾರಿಬಿಡ್ತೀನಿ," ಅಂದ ಗಡಿಯಾರ ರಿಪೇರಿಯವನು. ಬೆಳಗ್ಗೆಯಿಂದ ಅವನ ಕಣ್ಣು ಫೋನಿನ ಮೇಲೇ ಇತ್ತು. ಚಿಮಟದಲ್ಲಿ ಹಿಡಿದ ಸ್ಕ್ರೂ ಮೂರು ಸಲ ಜಾರಿ ಬಿದ್ದಿತ್ತು.

ಟೀ ತಂದಿದ್ದ ಅಕ್ಕನದು ಪಕ್ಕದಲ್ಲೇ ಸೋಫಾ ಹೊಲಿಯುವ ಅಂಗಡಿ. ಬಿಟ್‌ಕಾಯಿನ್ ಇಟ್ಟ ಖಾತೆಯೊಳಗೆ ಹೋಗಲು ಬೇಕಾದ ಹನ್ನೆರಡು ಗುಟ್ಟಿನ ಪದಗಳ ಚೀಟಿಯನ್ನು ಮೂರು ವರ್ಷದ ಹಿಂದೆ ಅವನೇ ಅವಳ ಕೈಗಿಟ್ಟು, "ಹತ್ತು ವರ್ಷ ಆಗೋವರೆಗೆ ನಾನು ಕಾಲಿಗೆ ಬಿದ್ದರೂ ಕೊಡಬೇಡ" ಅಂದಿದ್ದ.

"ಕಾಲಿಗೆ ಬೀಳೋದೇನೂ ಬೇಡ," ಅಂತ ಅಕ್ಕ ಕತ್ತರಿ ತೆಗೆದು ಅವನ ಮುಂದಿಟ್ಟಳು. "ನೀನು ಕೂತಿರೋ ದಿಂಬಿನೊಳಗೇ ಇಟ್ಟು ಹೊಲಿದಿದೀನಿ. ಬೇಕಿದ್ರೆ ಬಿಚ್ಕೋ."

ಅವನು ಎದ್ದು ಸ್ಟೂಲಿನ ದಿಂಬನ್ನು ತಿರುಗಿಸಿದ. ಕೆಂಪು ದಾರದ ಹೊಲಿಗೆ ಒಂದೆಳೆಯೂ ಬಿಟ್ಟಿರಲಿಲ್ಲ. ಹಿಂದೆ ಎರಡು ಸಲ ಬೆಲೆ ಹೀಗೇ ಬಿದ್ದಾಗಲೂ ಅವನು ಇದರ ಮೇಲೇ ಕೂತು ಗಡಿಯಾರ ಬಿಚ್ಚಿ ಜೋಡಿಸಿದ್ದ.

"ಇಷ್ಟು ದಿನ ಇದರ ಮೇಲೇ ಕೂತಿದ್ನಾ?"

"ಚೆನ್ನಾಗೇ ಕೂತಿದ್ದೆ."

ಅವನಿಗೆ ನಗು ಬಂತು. ಕತ್ತರಿಯ ಜೊತೆ ಫೋನನ್ನೂ ಅಕ್ಕನ ಕೈಗೆ ಕೊಟ್ಟು, ದಿಂಬು ಹಾಕಿಕೊಂಡು ಕೂತ. ಸ್ಕ್ರೂ ಈ ಸಲ ನೇರ ತನ್ನ ಜಾಗಕ್ಕೆ ಹೋಯಿತು.