ಏನೂ ಇಲ್ರಿ

ಹರೆಯದಲ್ಲಿ ಗೋದಾಮಿನ ಮಾಳಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದಂದಿನಿಂದ ಅವನಿಗೆ ಸೊಂಟದ ಕೆಳಗೆ ನೋವೆಂಬುದೇ ತಿಳಿಯುತ್ತಿರಲಿಲ್ಲ. ಕೂತು ಕೂತು ಚರ್ಮ ಹುಣ್ಣಾದರೂ ಗೊತ್ತಾಗದು. ಹಾಗಾಗಿ ದಿನಾ ಬೆಳಿಗ್ಗೆ ಕನ್ನಡಿ ಹಿಡಿದು ತನ್ನ ಹಿಂಭಾಗವನ್ನು ತಾನೇ ನೋಡಿಕೊಳ್ಳುತ್ತಿದ್ದ. ಗಾಲಿಕುರ್ಚಿ ತಳ್ಳಿ ತಳ್ಳಿ, ಮುಪ್ಪಿನಲ್ಲಿ ಭುಜಗಳೂ ಸೋತ ಮೇಲೆ ಆ ಕೆಲಸ ಹೆಂಡತಿಗೆ ಬಂತು. ಅವಳು ಅವನನ್ನು ಮಗ್ಗುಲಾಗಿಸಿ, ಬಗ್ಗಿ ನೋಡಿ, "ಏನೂ ಇಲ್ರಿ, ಸ್ವಚ್ಛ ಐತಿ" ಎನ್ನುತ್ತಿದ್ದಳು. ಅವನು ನಂಬುತ್ತಿದ್ದ.

ಜ್ವರ ಬಿಡದೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಅವನ ಮೊಬೈಲಿನಲ್ಲೇ ಫೋಟೊ ತೆಗೆದು ತೋರಿಸಿದರು. ಚರ್ಮ ಅಂಗೈಯಗಲ ಕೆಂಪೇರಿ, ನಡುವೆ ಹುಣ್ಣಾಗಿತ್ತು.

"ಇದು ನಿನ್ನೆ ಮೊನ್ನೆ ಆಗಿದ್ದಲ್ಲ" ಎಂದರು.

ಅವರು ಆಚೆ ಹೋಗುವವರೆಗೂ ಅವನು ತಡೆದುಕೊಂಡ.

"ಇವತ್ತ ಮುಂಜಾನೆನೂ ಏನಿಲ್ಲ ಅಂದಿ."

ಹೆಂಡತಿ ಸೆರಗಿನ ಅಂಚು ಹೊಸೆಯುತ್ತ ನಿಂತಳು.

"ನೀ ನೋಡೇ ಇಲ್ಲ. ನನ್ನ ಚಾಕರಿ ಬ್ಯಾಸರಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು. ಹಿಂಗ ನಂಬಿಸಿ ಕುತ್ತಿಗಿ ಕೊಯ್ಯಬಾರದಿತ್ತು."

"ದಿನಾ ನೋಡೀನ್ರಿ. ದೇವರಾಣಿ."

"ನೋಡಿದಾಕಿಗೆ ಇದು ಕಾಣಲಿಲ್ಲೇನು?" ಅವನು ಮೊಬೈಲನ್ನು ಅವಳ ಕೈಗೆ ತುರುಕಿದ.

ಅವಳು ಅದನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಹೌದ್ರಿ, ಭಾಳ ಕೆಂಪಗಾಗೇತಿ" ಎಂದಳು. "ನಂದ ತಪ್ಪಾತು."

ಮೊಬೈಲಿನ ಪರದೆ, ಅವನು ಅವಳ ಕೈಗೆ ಕೊಡುವ ಮೊದಲೇ ಆರಿ ಕಪ್ಪಾಗಿತ್ತು.