ಗೋಲಿನ ಹಿಂದಿನ ಬಾಯಿಗಳು

ಪೊಲೀಸ್ ಠಾಣೆಯ ಮೆಟ್ಟಿಲ ಹತ್ತಿರ ಬಂದವನೇ ಭೀಮು ನಿಂತುಬಿಟ್ಟ.

“ಬೇಡ ಸಾರ್. ವಾಪಸ್ ಹೋಗೋಣ.”

“ಇಲ್ಲೀತನಕ ಬಂದು ಈಗ ಹಿಂದೆ ಸರೀತೀಯಾ?” ಎಂದ ಕೆಂಪರಾಜ್. “ಇವತ್ತು ನೀನು ಬಾಯಿ ಮುಚ್ಕೊಂಡ್ರೆ ನಾಳೆ ಇನ್ನೊಬ್ಬನಿಗೆ ಇದೇ ಗತಿ.”

ಭೀಮು ತಂಡದ ಗೋಲ್‌ಕೀಪರ್, ಕೆಂಪರಾಜ್ ಕೋಚ್. ಕೆಂಪರಾಜ್ ಹಲಸೂರಿನಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ದೊಡ್ಡಮುನಿಯಪ್ಪನವರ ಮಗ. ಈಗ ಆ ನೆಲದ ಮೇಲೆದ್ದ ಮನೆಗಳಿಂದ ಬಾಡಿಗೆ ಬರುತ್ತದೆ, ಹೊಟ್ಟೆಪಾಡಿನ ಚಿಂತೆಯಿಲ್ಲ, ಇರುವ ಹುಚ್ಚು ಫುಟ್‌ಬಾಲ್ ಒಂದೇ. ಆಟಗಾರರಿಗೆ ಬೂಟು ಕೊಡಿಸುತ್ತಿದ್ದ, ಬಿರಿಯಾನಿ ತಿನ್ನಿಸುತ್ತಿದ್ದ, ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರಿಟ್ಟು ರೇಗಿಸುತ್ತಿದ್ದ. ಮನೆಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತೇನೆ ಎಂಬುದು ಅವನ ಹೆಮ್ಮೆ.

ಇಬ್ಬರ ಹಿಂದೆ ಭೀಮುವಿನ ತಾಯಿ ಮಾನಮ್ಮ ಸೆರಗು ಬಿಗಿಹಿಡಿದು ನಿಂತಿದ್ದಳು. ಯಾದಗಿರಿ ಕಡೆಯವಳು. ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ಬಾಡಿಗೆ ಕೋಣೆಯಲ್ಲಿ ನೆಲೆ ನಿಂತವಳು. ಮಗನ ಆಟ ನೋಡಲು ಅವಳು ಮೈದಾನಕ್ಕೆ ಬಂದದ್ದು ಇವತ್ತೇ ಮೊದಲು. ಬಂದ ದಿನವೇ ಅವಳ ಕಿವಿಗೆ ಬೀಳಬಾರದ್ದು ಬಿತ್ತು.

ಕೆರೆ ಪಕ್ಕದ ಮೈದಾನದಲ್ಲಿ ಫೈನಲ್ ಪಂದ್ಯ. ಶುರುವಾಗಿ ಸ್ವಲ್ಪ ಹೊತ್ತಿಗೇ ಭೀಮು ಕೈಗೆ ಬಂದ ಸುಲಭದ ಚೆಂಡನ್ನು ಬಿಟ್ಟ. ಗೆರೆಯಾಚೆ ನಿಂತಿದ್ದ ಕೆಂಪರಾಜ್ ಎಂದಿನಂತೆ ಗಂಟಲು ಹರಿಯುವ ಹಾಗೆ ಕೂಗಿ ಗದರಿದ. ಕೋಚ್ ಆದವನು ಗದರದಿದ್ದರೆ ಇನ್ಯಾರು ಗದರಬೇಕು? ಆಮೇಲೆ ಗೋಲಿನ ಹಿಂದಿದ್ದ ಎದುರಾಳಿ ತಂಡದ ಬೆಂಬಲಿಗರು ಶುರು ಹಚ್ಚಿಕೊಂಡರು. ಮೊದಮೊದಲು ಬರೀ ‘ಭೀಮವ್ವ, ಭೀಮವ್ವ’ ಎಂಬ ರಾಗ. ಅಷ್ಟಕ್ಕೇ ನಿಂತಿದ್ದರೆ ಕೆಂಪರಾಜ್ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಿಲ್ಲಲಿಲ್ಲ. ಗಂಡಸನ್ನು ಬಯಸುವ ಗಂಡಸನ್ನು ಬೈಯಲು ಕನ್ನಡ, ತಮಿಳು, ಉರ್ದು, ಇಂಗ್ಲಿಷುಗಳಲ್ಲಿ ಏನೇನು ಹೊಲಸು ಮಾತಿದೆಯೋ ಅಷ್ಟೂ ಹೊರಬಂತು. ರಾತ್ರಿ ಯಾರ ಜೊತೆ ಮಲಗುತ್ತೀ ಎಂದು ಕೇಳಿದರು. ಒಬ್ಬ ಪ್ಯಾಂಟಿನ ಜಿಪ್ಪಿಗೆ ಕೈ ಹಾಕಿ ತೋರಿಸಿದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ತಂದೆಯೊಬ್ಬ ಅದನ್ನು ನೋಡಿ ಬಿದ್ದು ಬಿದ್ದು ನಕ್ಕ. ಥೂ, ಇವರೂ ಮನುಷ್ಯರೇ ಅನ್ನಿಸಿತು ಕೆಂಪರಾಜ್‌ಗೆ.

“ನನ್ನ ಮಗಗ ಹಂಗ್ಯಾಕ ಅಂತಾರ್ರೀ ಅವ್ರು?” ಎಂದು ಪಕ್ಕದಲ್ಲಿದ್ದ ಮಾನಮ್ಮ ಕೇಳಿದಳು.

ವಿರಾಮದಲ್ಲಿ ಭೀಮು ಗ್ಲೌಸ್ ಬಿಚ್ಚಿ ಕೋಚ್ ಕೈಗಿಟ್ಟ. ಇನ್ನು ಆಡಲ್ಲ ಎಂದ. ಇವತ್ತಿನ ಮಟ್ಟಿಗಲ್ಲ, ಎಂದಿಗೂ. ರಾಜ್ಯ ತಂಡದ ಆಯ್ಕೆಗೆ ಕರೆ ಬಂದಿದ್ದ ಹುಡುಗ. ಈ ಹೊಲಸು ಬಾಯಿಗಳಿಗೆ ಶಿಕ್ಷೆ ಆಗದಿದ್ದರೆ ಇವನು ಮತ್ತೆ ಗೋಲಿನಲ್ಲಿ ನಿಲ್ಲುವುದಿಲ್ಲ ಎಂದು ಕೆಂಪರಾಜ್‌ಗೆ ಖಾತ್ರಿಯಾಯಿತು. ಪಂದ್ಯವನ್ನು ಅರ್ಧಕ್ಕೇ ಬಿಟ್ಟು, ತಾಯಿ ಮಗ ಇಬ್ಬರನ್ನೂ ಕಾರು ಹತ್ತಿಸಿಕೊಂಡು ಠಾಣೆಗೆ ಹೊರಟ.

ದಾರಿಯಲ್ಲಿ ಪ್ರೇಮ್‌ಕುಮಾರ್ ಫೋನ್ ಬಂತು. ಎದುರಾಳಿ ತಂಡದ ಮಾಲೀಕ, ಕೆಂಪರಾಜ್‌ನ ಹೆಂಡತಿಯ ತಮ್ಮ.

“ಭಾವ, ಆಟದಲ್ಲಿ ಇದೆಲ್ಲ ಇದ್ದದ್ದೇ. ನೀವೇನು ಗ್ರೌಂಡಲ್ಲಿ ಶ್ಲೋಕ ಹೇಳ್ತೀರಾ?”

“ಜಾತಿ ಎತ್ತಿ ಬೈದ್ರೆ ಕೇಸ್ ಹಾಕ್ತಾರೆ. ಇದಕ್ಯಾಕೆ ಹಾಕ್ಬಾರ್ದು? ಹೆತ್ತ ತಾಯಿ ಮುಂದೆ ಅಂದಿದ್ದಾರೆ ಕಣೋ.”

“ಇದಕ್ಕೋಸ್ಕರ ನಂಟಸ್ತಿಕೆ ಕೆಡಿಸ್ಕೋತೀರಾ?”

ಕೆಂಪರಾಜ್ ಫೋನ್ ಕಟ್ ಮಾಡಿದ. ಹೆಂಡತಿ ಬೇಕಾದರೆ ತಿಂಗಳುಗಟ್ಟಲೆ ಮುಖ ಊದಿಸಿಕೊಳ್ಳಲಿ. ಮೈಗೆ ಮೆತ್ತಿದ ಈ ಹೇಸಿಗೆಯನ್ನು ತೊಳೆಯದೆ ಮನೆಗೆ ಹೋಗಲು ಅವನಿಗೆ ಮನಸ್ಸಿರಲಿಲ್ಲ.

ಈಗ ನೋಡಿದರೆ ಹುಡುಗ ಮೆಟ್ಟಿಲ ಬುಡದಲ್ಲೇ ಅಳುಕುತ್ತಿದ್ದಾನೆ.

“ಹೆಸರು ಬರೆಸಿದ್ರೆ ನಿಮ್ಮ ಮನೇಲಿ ತೊಂದ್ರೆ ಆಗಲ್ವಾ ಸಾರ್?”

ಓಹೋ, ಫೋನಿನ ಮಾತು ಕೇಳಿಸಿಕೊಂಡಿದ್ದಾನೆ ಎಂದುಕೊಂಡ ಕೆಂಪರಾಜ್. ಇಂಥ ಹೊತ್ತಿನಲ್ಲೂ ಹುಡುಗ ತನ್ನ ಸಂಸಾರದ ಯೋಚನೆ ಮಾಡುತ್ತಿದ್ದಾನಲ್ಲ ಎಂದು ಕರುಳು ಚುರುಕ್ಕೆಂದಿತು.

“ನನ್ನ ಮನೆ ವಿಷಯ ಬಿಡು. ಶುರು ಮಾಡ್ದೋನು ಯಾರೇ ಆಗಿರ್ಲಿ, ನನಗೆ ಎಷ್ಟೇ ಹತ್ತಿರದೋನಾಗಿರ್ಲಿ, ಹೆಸರು ಹೇಳು. ಪಕ್ಕದಲ್ಲಿ ನಾನಿರ್ತೀನಿ.”

“ಖಂಡಿತಾನಾ ಸಾರ್?”

“ನಮ್ಮಪ್ಪನಾಣೆ.”

ಭೀಮು ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ತಾಯಿಯ ಕೈ ಹಿಡಿದು ಮೆಟ್ಟಿಲು ಹತ್ತಿದ.

ಒಳಗೆ ಸಬ್‌ಇನ್ಸ್‌ಪೆಕ್ಟರ್ ಯಮುನಾ ತಾಳ್ಮೆಯಿಂದ ಕೇಳಿಸಿಕೊಂಡರು. “ಫುಟ್‌ಬಾಲ್‌ನಲ್ಲಿ ಹೀಗೆ ಬೈದದ್ದಕ್ಕೆ ಅಂತ ಬೇರೆ ಕಾನೂನಿಲ್ಲ. ಬೇಕಂತಲೇ ಅವಮಾನ ಮಾಡಿದ್ರು ಅಂತ ದೂರು ತಗೋಬಹುದು. ಆದ್ರೆ ಇಡೀ ಗುಂಪು ಅಂತ ಬರೆದ್ರೆ ನಿಲ್ಲಲ್ಲ. ಯಾರು ಅಂತ ಹೇಳ್ಬೇಕು.”

“ಕರೆಸಿ ಕೇಳಿದ್ರೆ ತಮಾಷೆಗಂದ್ವಿ ಅಂತಾರೆ, ನಂಬಬೇಡಿ ಮೇಡಂ,” ಎಂದ ಕೆಂಪರಾಜ್. “ತಮಾಷೆ ಅನ್ನೋದು ಅಂದೋನಿಗೆ. ಅನ್ನಿಸ್ಕೊಂಡೋನಿಗಲ್ಲ.”

ಮಾತು ಚೆನ್ನಾಗಿ ಬಂತು ಎಂದು ಅವನಿಗೇ ಅನ್ನಿಸಿತು. ಭೀಮು ಕತ್ತೆತ್ತಿ ನೋಡಿದ.

“ನೀವು ಸ್ವಲ್ಪ ಸುಮ್ಮನಿರಿ, ಅವರೇ ಹೇಳಲಿ,” ಎಂದು ಯಮುನಾ ಭೀಮುವಿನ ಕಡೆ ತಿರುಗಿದರು. “ಮೊದಲು ಏನಂತ ಕೂಗಿದ್ದು?”

“ಭೀಮವ್ವ ಅಂತ.”

“ಅದನ್ನ ಮೊದಲು ಕೂಗಿದ್ದು ಯಾರು ಅಂತ ಗೊತ್ತಾ?”

“ಗೊತ್ತು ಮೇಡಂ.”

ಕೆಂಪರಾಜ್ ಹುಡುಗನ ಬೆನ್ನ ಮೇಲೆ ಕೈಯಿಟ್ಟ. “ಹೆದರಬೇಡ. ಹೇಳು ಮಗಾ.”

“ಕೆಂಪರಾಜ್,” ಎಂದ ಭೀಮು. “ನಮ್ಮ ಕೋಚ್. ಪ್ರಾಕ್ಟೀಸಲ್ಲಿ ದಿನಾ ಹಂಗೇ ಕರೀತಾರೆ ಮೇಡಂ. ಗೋಲ್ ಹಿಂದೆ ಇದ್ದೋರು ಇವತ್ತು ಇವರ ಬಾಯಿಂದಾನೇ ಕಲಿತಿದ್ದು.”