ಇಪ್ಪತ್ತು ಸೆಕೆಂಡಿನ ನಿಲುಗಡೆ

ಬಸ್ಸು ಬಂದು ನಿಂತಿದೆ ಎಂದು ಮೊಬೈಲ್ ಹೇಳಿತು. ಅಂಜನಾ ತಲೆಯೆತ್ತಿ ನೋಡಿದರೆ ಬೇಗೂರು ಕೆರೆ ಸ್ಟಾಪಿನ ಮುಂದೆ ಒಂದು ನಾಯಿ ಮಲಗಿತ್ತು, ಅದರ ಪಕ್ಕದಲ್ಲಿ ಹಳೆಯದೊಂದು ಸ್ಕೂಟರ್ ಬಂದು ನಿಂತಿತ್ತು. ಬಸ್ಸು ಮಾತ್ರ ಕಣ್ಣು ಹಾಯಿಸಿದಷ್ಟು ದೂರಕ್ಕೂ ಇರಲಿಲ್ಲ.

“ನಾನು ಆಗ್ಲೇ ಹೇಳ್ಲಿಲ್ವೇನಮ್ಮ?” ಪಕ್ಕದಲ್ಲಿ ಹೂ ಕಟ್ಟುತ್ತ ಕೂತಿದ್ದ ತಿಮ್ಮಕ್ಕ ಕೈ ನಿಲ್ಲಿಸದೆಯೇ ಅಂದಳು. “ಆ ಬಸ್ಸು ಬಂದು ಎರಡು ತಿಂಗಳಾಯ್ತು. ನೀವು ನನ್ ಮಾತು ಬಿಟ್ಟು ಆ ಫೋನ್ ಮಾತು ನಂಬಿದ್ರಿ.”

ನಂಬದೆ ಇರುವುದಾದರೂ ಹೇಗೆ? ಆ ಫೋನಿಗೆ ಮಾತು ಕಲಿಸಿದವಳೇ ಅಂಜನಾ. ಬೇಗೂರಿನಿಂದ ಜಯನಗರಕ್ಕೆ ಖಾಸಗಿ ಕಂಪನಿಯೊಂದು ಓಡಿಸುವ ಸಣ್ಣ ಬಸ್ಸುಗಳು ಯಾವ ಕ್ಷಣದಲ್ಲಿ ಎಲ್ಲಿವೆ ಎಂದು ತೋರಿಸುವ ಆ್ಯಪ್ ಅವಳ ಮೂರು ವರ್ಷದ ದುಡಿಮೆ. ಅದರಲ್ಲೂ ಈ ಏಳನೇ ನಂಬರ್ ಬಸ್ಸು ಅವಳ ಮುದ್ದಿನ ಕೂಸು. ಎರಡು ತಿಂಗಳಿಂದ ಒಂದು ಟ್ರಿಪ್ ತಪ್ಪಿಲ್ಲ, ಒಂದು ನಿಮಿಷ ತಡವಿಲ್ಲ. ಹನ್ನೊಂದು ಗಂಟೆಗೆ ಜಯನಗರದ ಆಫೀಸಿನಲ್ಲಿ ದೊಡ್ಡವರೆಲ್ಲ ಕೂತು ಅವಳ ವರದಿ ಕೇಳುವವರಿದ್ದರು. ಅವರು ಒಪ್ಪಿದರೆ ಉಳಿದ ಊರುಗಳ ಬಸ್ಸುಗಳಿಗೂ ಇದೇ ವ್ಯವಸ್ಥೆ, ಅದಕ್ಕೆಲ್ಲ ಅಂಜನಾಳೇ ಮುಖ್ಯಸ್ಥೆ. ‘ನಾನೂ ಅದೇ ಬಸ್ಸಿನಲ್ಲೇ ಬಂದೆ’ ಎಂದು ಮಾತು ಶುರು ಮಾಡಿದರೆ ಚೆನ್ನಾಗಿರುತ್ತದೆ ಎಂಬ ಹುಮ್ಮಸ್ಸಿನಲ್ಲಿ ಆಟೊ ಹಿಡಿದು ಇಲ್ಲಿಗೆ ಬಂದಿದ್ದಳು.

ಸ್ಕೂಟರಿನವನು ಎಂಜಿನ್ ಆರಿಸಿರಲಿಲ್ಲ. ಖಾಕಿ ಅಂಗಿ, ಎದೆಯ ಮೇಲೆ ಚಲುವರಾಜು ಎಂಬ ಹೆಸರಿನ ಪಟ್ಟಿ. ಯಾರನ್ನೂ ನೋಡದೆ ತುಟಿ ಅಲ್ಲಾಡಿಸುತ್ತ ಏನನ್ನೋ ಎಣಿಸುತ್ತಿದ್ದ. ಅವನ ಕಾಲ ಬಳಿ ಒಂದು ಬಟ್ಟೆ ಚೀಲ; ಅದರೊಳಗಿಂದ ಹೊರಟ ವೈರು ಸ್ಕೂಟರಿನ ಬ್ಯಾಟರಿಗೆ ಹೋಗಿತ್ತು. ಚೀಲದ ಬಾಯಲ್ಲಿ ಹಸಿರು ದೀಪ ಮಿನುಗುತ್ತಿತ್ತು. ಆ ದೀಪದ ಗುರುತು ಅಂಜನಾಗೆ ಹತ್ತದೆ ಇರುತ್ತದೆಯೇ? ಬಸ್ಸು ಎಲ್ಲಿದೆ ಎಂದು ಹೇಳಲಿ ಅಂತ ಪ್ರತಿ ಡ್ರೈವರ್ ಸೀಟಿನ ಹಿಂದೆ ಕೂರಿಸಲು ಅವಳೇ ಆರಿಸಿ ತರಿಸಿದ ಪೆಟ್ಟಿಗೆ ಅದು.

ಅಂಜನಾ ಸ್ಕೂಟರಿನ ಹತ್ತಿರಕ್ಕೆ ಹೋದಳು.

“ಇದು... ಇದು ಏಳನೇ ನಂಬರ್ ಬಸ್ಸಿಂದಲ್ವಾ?”

“ಹೌದು ಮೇಡಂ.” ಚಲುವರಾಜು ಒಂದಿಷ್ಟೂ ಅಳುಕಲಿಲ್ಲ. “ಬಸ್ಸಿನ ಗೇರ್‌ಬಾಕ್ಸ್ ಹೋಗಿ ಡಿಪೋದಲ್ಲಿ ನಿಂತಿದೆ. ಸ್ಪೇರ್ ಬಂದಿಲ್ಲ. ಟ್ರಿಪ್ ಕಟ್ ಆದ್ರೆ ಕಂಪ್ಯೂಟರಲ್ಲಿ ಕೆಂಪು ಬರುತ್ತೆ, ಮ್ಯಾನೇಜರ್‌ಗೆ ಮೆಮೊ, ನನಗೆ ಅವತ್ತು ಡ್ಯೂಟಿ ಇಲ್ಲ. ಅದಕ್ಕೆ ಸಾರ್ ಹೇಳಿದ್ರು, ಬಸ್ ಹೋಗದಿದ್ರೂ ಪೆಟ್ಟಿಗೆ ಹೋಗ್ಲಿ ಅಂತ. ದಿನಕ್ಕೆ ಎಂಟು ಟ್ರಿಪ್. ಒಂದೂ ತಪ್ಸಿಲ್ಲ.”

“ಮತ್ತೆ ಸ್ಟಾಪಲ್ಲಿ ಯಾಕೆ ನಿಲ್ಲಿಸ್ತೀರಿ? ಹತ್ತೋರು ಯಾರೂ ಇಲ್ವಲ್ಲ!”

“ನಿಲ್ಲಿಸ್ಲೇಬೇಕು ಮೇಡಂ. ಇಪ್ಪತ್ತು ಸೆಕೆಂಡ್ ನಿಲ್ಲದಿದ್ರೆ ಆ ಟ್ರಿಪ್ ಲೆಕ್ಕಕ್ಕೇ ತಗೊಳಲ್ಲ. ಆಫೀಸಲ್ಲಿ ಯಾರೋ ಭಾರಿ ಬುದ್ಧಿವಂತರು ರೂಲ್ ಮಾಡಿದಾರಂತೆ.”

ಆ ಭಾರಿ ಬುದ್ಧಿವಂತೆ ಅವನೆದುರಿಗೇ ನಿಂತಿದ್ದಳು. ಡ್ರೈವರುಗಳು ಸ್ಟಾಪಿನಲ್ಲಿ ನಿಲ್ಲಿಸದೆ ಜನರನ್ನು ಬಸ್ಸಿನ ಹಿಂದೆ ಓಡಿಸುತ್ತಾರೆಂದು ಅವಳೇ ಸೇರಿಸಿದ ನಿಯಮ ಅದು. ಬಸ್ಸು ಬರಲಿಲ್ಲ ಎಂದು ದೂರು ಕೊಟ್ಟವರಿಗೆ ‘ನಮ್ಮ ದಾಖಲೆಯ ಪ್ರಕಾರ ಬಂದಿದೆ’ ಎಂದು ತಾನೇ ತಾನಾಗಿ ಉತ್ತರ ಹೋಗುವ ಏರ್ಪಾಡೂ ಅವಳದೇ. ಎರಡು ತಿಂಗಳಲ್ಲಿ ಅಂಥ ಉತ್ತರ ಎಷ್ಟು ಮಂದಿಗೆ ಹೋಗಿರಬಹುದು?

“ಅಯ್ಯೋ, ಮಾತಲ್ಲಿ ಲೇಟಾಯ್ತು. ನೀವೂ ಜಯನಗರಕ್ಕೆ ತಾನೆ? ಬನ್ನಿ, ಹಿಂದೆ ಸೀಟು ಖಾಲಿ ಇದೆ.” ಚಲುವರಾಜು ಚೀಲವನ್ನು ಅವಳ ಕೈಗಿತ್ತ. “ಇದನ್ನ ತೊಡೆ ಮೇಲೆ ಇಟ್ಕೊಳಿ. ವೈರು ಜೋಪಾನ.”

ಸಭೆಗೆ ಇರುವುದು ಒಂದೇ ಗಂಟೆ. ಇದ್ದದ್ದನ್ನು ಹೇಳಿ ಮೂರು ವರ್ಷದ ಕೆಲಸಕ್ಕೆ ತಾನೇ ಮಸಿ ಬಳಿಯಬೇಕೆ? ಏನೂ ಕಾಣದವಳ ಹಾಗೆ ವರದಿ ಓದಿಬಿಡಬೇಕೆ? ಗರ ಬಡಿದವಳಂತೆ ಅಂಜನಾ ಹತ್ತಿ ಕೂತಳು. ತೊಡೆಯ ಮೇಲೆ ಪೆಟ್ಟಿಗೆ, ಹೆಗಲ ಚೀಲದಲ್ಲಿ ನೂರಕ್ಕೆ ನೂರು ಎಂದು ಬರೆದ ವರದಿ. “ಅಂತೂ ಆ ಬಸ್ಸಿಗೆ ಒಬ್ರಾದ್ರೂ ಸಿಕ್ಕಿದ್ರಲ್ಲಪ್ಪ!” ಎಂದು ತಿಮ್ಮಕ್ಕ ಹಿಂದಿನಿಂದ ಕೂಗಿದ್ದು ಕೇಳಿಸಿತು.

ಮುಂದಿನ ಸ್ಟಾಪಿನಲ್ಲಿ ಸ್ಕೂಟರ್ ನಿಂತಿತು. ಚಲುವರಾಜು ಎಣಿಸತೊಡಗಿದ. ಅಲ್ಲೊಬ್ಬ ಹುಡುಗಿ ಫೋನ್ ನೋಡಿದವಳೇ, “ಅಪ್ಪಾ, ಏಳಿ, ಬಸ್ ಬಂತು” ಎಂದು ಕಟ್ಟೆಯ ಮೇಲೆ ಕೂತಿದ್ದ ತಂದೆಯನ್ನು ಎಬ್ಬಿಸಿದಳು. ಅವರ ಒಂದು ಕಾಲಿಗೆ ಮೊಣಕಾಲಿನವರೆಗೆ ಬ್ಯಾಂಡೇಜ್. ಮಗಳ ಹೆಗಲು ಹಿಡಿದು, ಹಲ್ಲು ಕಚ್ಚಿ ಎದ್ದು ನಿಂತರು. ಹುಡುಗಿ ರಸ್ತೆಯ ಆಚೆ ನೋಡಿದಳು, ಈಚೆ ನೋಡಿದಳು.

“ಮೇಡಂ, ಬಸ್ ಬಂದು ನಿಂತಿದೆ ಅಂತ ತೋರಿಸ್ತಿದೆ. ಆಸ್ಪತ್ರೆಗೆ ಹೋಗ್ಬೇಕಿತ್ತು. ಎಲ್ಲಿದೆ ಮೇಡಂ ಬಸ್ಸು?”

ಆ ತಂದೆಯೂ ಅಂಜನಾಳ ಮುಖವನ್ನೇ ನೋಡುತ್ತಿದ್ದರು. ತೊಡೆಯ ಮೇಲೆ ಹಸಿರು ದೀಪ ಮಿನುಗುತ್ತಲೇ ಇತ್ತು.

“ಹದಿನೆಂಟು... ಹತ್ತೊಂಬತ್ತು...”

ಅಂಜನಾ ವೈರನ್ನು ಹಿಡಿದು ಕಿತ್ತಳು. ದೀಪ ಆರಿತು.

“ಏನ್ ಮಾಡಿದ್ರಿ ಮೇಡಂ! ಕೆಂಪು ಬರುತ್ತೆ!” ಚಲುವರಾಜು ಬೆಚ್ಚಿ ಹಿಂದಕ್ಕೆ ತಿರುಗಿದ.

ಹುಡುಗಿ ತನ್ನ ಫೋನನ್ನು ತಟ್ಟಿ ತಟ್ಟಿ ನೋಡಿದಳು. “ಅಯ್ಯೋ, ಹಾಳಾಗೋಯ್ತು ಅನ್ಸುತ್ತೆ. ಈಗ ಬಸ್ಸೇ ಇಲ್ಲ ಅಂತ ತೋರಿಸ್ತಿದೆ.”

“ಇಲ್ಲಮ್ಮ,” ಅಂದಳು ಅಂಜನಾ. “ಈಗ ಸರಿಹೋಯ್ತು.”